ಜೆಸಿಬಿಗಿಂತ ಮೊದಲು ನೀನು ನಡೆ

ಕೆರೆಯ ಕೆಲಸ ನಿನ್ನ ಪಾಲಿಗೆ ಬಂತೆಂದು ಫೋನಿನಲ್ಲಿ ಹೇಳಿದೆಯಲ್ಲ, ಸಂತೋಷ. ನೀನು ಕಳಿಸಿದ ಯೋಜನಾ ವರದಿಯನ್ನೂ (ಡಿಪಿಆರ್) ಕೂತು ಓದಿದೆ. ದಡದ ಸುತ್ತ ವಾಕಿಂಗ್ ಟ್ರ್ಯಾಕ್, ಮಕ್ಕಳಿಗೆ ಜೋಕಾಲಿ, ದೋಣಿವಿಹಾರಕ್ಕೊಂದು ಕಟ್ಟೆ, ಎರಡು ಮಂಟಪ, ಸಾಲುದೀಪ, ಶೌಚಾಲಯ, ಕಾರು ನಿಲ್ಲಿಸಲು ಜಾಗ. ಮಣ್ಣಿನ ಪರೀಕ್ಷೆಯ ವರದಿ ಇದೆ, ನೀರಿನದು ಇದೆ, ಮರಗಳನ್ನೂ ಎಣಿಸಿದ್ದೀರಿ. ಆ ನೆಲದ ಮೇಲೆ ಹಿಂದೆ ಯಾರಿದ್ದರು, ಏನು ಮಾಡಿದರು, ಏನು ಬಿಟ್ಟು ಹೋದರು ಎಂಬ ಒಂದು ಪುಟ ಮಾತ್ರ ಇಲ್ಲ. ನನಗೆ ಹೇಳಬೇಕಿರುವುದು ಆ ಪುಟದ ವಿಷಯ. ನಿನ್ನ ಜೊತೆ ಕೆಲಸ ಮಾಡುವವರಿಗೂ, ಕೆರೆ ಸಮಿತಿಯ ಹುಡುಗ ಹುಡುಗಿಯರಿಗೂ ಓದಿ ಹೇಳು.

ಅಭಿವೃದ್ಧಿ ಬೇಡವೆನ್ನುವ ಮುದುಕ ನಾನಲ್ಲ. ಸಂಜೆ ಹೊತ್ತು ನೀರಿನ ಪಕ್ಕ ನಾಲ್ಕು ಹೆಜ್ಜೆ ನಡೆಯಲು ಜಾಗವಿಲ್ಲದ ಊರು ಊರೇ ಅಲ್ಲ. ಆದರೆ ಒಂದು ಕ್ರಮವಿದೆ: ಮೊದಲು ನೋಡುವುದು, ಆಮೇಲೆ ಅಗೆಯುವುದು. ನಮ್ಮಲ್ಲಿ ಬಹುಪಾಲು ಕಡೆ ಇದು ತಿರುವುಮುರುವಾಗಿದೆ. ಅಗೆದ ಮೇಲೆ ಕಲ್ಲು ಎದ್ದು ಬಂದರೆ ಪತ್ರಿಕೆಯವರು ಬರುತ್ತಾರೆ, ಫೋಟೋ ತೆಗೆಯುತ್ತಾರೆ, ಕಲ್ಲು ಪಕ್ಕದ ಗುಡಿಯ ಗೋಡೆಗೆ ಒರಗುತ್ತದೆ. ಅದು ಎಲ್ಲಿತ್ತು, ಯಾವ ದಿಕ್ಕಿಗೆ ಮುಖ ಮಾಡಿತ್ತು, ಅದರ ಬುಡದಲ್ಲಿ ಏನಿತ್ತು ಎಂಬುದೆಲ್ಲ ಟಿಪ್ಪರಿನಲ್ಲಿ ಹೋಗಿಬಿಟ್ಟಿರುತ್ತದೆ.

ಬಯಲುಸೀಮೆಯಲ್ಲಿ ಕೆರೆಯೆಂದರೆ ದೇವರು ಕೊಟ್ಟ ಹೊಂಡವಲ್ಲ, ಮನುಷ್ಯರು ಕಟ್ಟಿದ್ದು. ಹಳ್ಳ ಹರಿಯುವ ತಗ್ಗು ನೋಡಿ ಅಡ್ಡಲಾಗಿ ಮಣ್ಣಿನ ಏರಿ ಹಾಕಿ, ತೂಬು ಇಟ್ಟು, ಹೆಚ್ಚಾದ ನೀರಿಗೆ ಕೋಡಿ ಬಿಟ್ಟು, ಕೆಳಗೆ ಅಚ್ಚುಕಟ್ಟು ಮಾಡಿ, ಎತ್ತರದ ಒಂದು ಮಗ್ಗುಲಿಗೆ ಊರು ಕಟ್ಟಿಕೊಂಡರು. ಹಾಗಾಗಿ ಕೆರೆಯ ಪಕ್ಕದಲ್ಲಿ ಹಳೆಯದೇನಾದರೂ ಇದೆಯೇ ಎಂದು ಕೇಳುವ ಮೊದಲೇ ಗೊತ್ತಿರಲಿ, ಕೆರೆಯೇ ಹಳೆಯದು. ನೀನು 'ಬಂಡ್' ಎಂದು ನಕ್ಷೆಯಲ್ಲಿ ಗುರುತಿಸಿರುವ ಆ ಮಣ್ಣಿನ ದಿಬ್ಬವೇ ಒಂದು ಪ್ರಾಚೀನ ಕಟ್ಟಡ.

ಎಷ್ಟು ಹಳೆಯದಿರಬಹುದು? ಶಿವಮೊಗ್ಗ ಜಿಲ್ಲೆಯ ತಾಳಗುಂದದ ಪ್ರಣವೇಶ್ವರ ಗುಡಿಯ ಮುಂದೆ ಒಂದು ಕಂಬವಿದೆ. 5ನೇ ಶತಮಾನದ ಆ ಸಂಸ್ಕೃತ ಶಾಸನದಿಂದ ಕದಂಬರ ಹುಟ್ಟಿನ ಕತೆ ನಮಗೆ ಸಿಕ್ಕಿತು, ಮಯೂರಶರ್ಮ ಕಂಚಿಗೆ ಹೋದದ್ದು, ಪಲ್ಲವರ ಮೇಲೆ ಸಿಟ್ಟಾದದ್ದು ಎಲ್ಲ. ಶಾಲೆಯಲ್ಲಿ ನೀನೂ ಓದಿದ್ದೀಯ. ಶಾಲೆಯಲ್ಲಿ ಹೇಳದ ಒಂದು ಸಂಗತಿಯುಂಟು. ಆ ಶಾಸನದ ನಿಜವಾದ ಕಾರಣ ಯುದ್ಧವಲ್ಲ, ರಾಜವಂಶದ ಹೊಗಳಿಕೆಯೂ ಅಲ್ಲ. ಗುಡಿಯ ಬಳಿ ಕದಂಬ ರಾಜ ಕಾಕುಸ್ಥವರ್ಮ ಕೆರೆ ಕಟ್ಟಿಸಿದ. ಅದನ್ನು ದಾಖಲಿಸಲು ಅವನ ಮಗ ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ಬರೆದುಕೊಟ್ಟ ಪದ್ಯಗಳು ಅವು. ಒಂದು ಕೆರೆಯ ನೆಪದಲ್ಲಿ ನಾಡಿನ ಇತಿಹಾಸವೇ ಉಳಿಯಿತು. ಆ ಕಂಬ ಯಾರದೋ ಮನೆಯ ಹೊಸ್ತಿಲಾಗಿದ್ದರೆ ಕದಂಬರ ಬಗ್ಗೆ ನಮಗೆ ಏನು ಗೊತ್ತಿರುತ್ತಿತ್ತು?

ಬೆಂಗಳೂರಿನಲ್ಲೇ ನೋಡು. ಅಗರದ ಕೆರೆಯ ಸುತ್ತ ಇವತ್ತು ಬೆಳಿಗ್ಗೆ ಎಷ್ಟು ಜನ ಓಡುತ್ತಾರೆ! ಸುಮಾರು 870ರ, ಗಂಗರ ಕಾಲದ ಅಲ್ಲಿಯ ಶಾಸನ ಇರುಗಮಯ್ಯನ ಮಗ ಸಿರಿಮಯ್ಯ ಕೆರೆಗಳಿಗೆ ತೂಬು ಇಡಿಸಿದ್ದನ್ನೂ ಹೊಸ ಕೆರೆ ಕಟ್ಟಿಸಿದ್ದನ್ನೂ, ಅದಕ್ಕೆ ಬಿತ್ತುವಟ್ಟ ಪಡೆದದ್ದನ್ನೂ ಹೇಳುತ್ತದೆ. ಬಿತ್ತುವಟ್ಟವೆಂದರೆ ಕೆರೆ ಕಟ್ಟಿದವನಿಗೆ, ನೋಡಿಕೊಳ್ಳುವವನಿಗೆ ಕೆರೆಯ ಕೆಳಗಿನ ಬೆಳೆಯಲ್ಲಿ ಸಲ್ಲುವ ಪಾಲು. ಇಂದಿನ ಭಾಷೆಯಲ್ಲಿ ನಿರ್ವಹಣಾ ವೆಚ್ಚ. ನಿನ್ನ ಡಿಪಿಆರ್‌ನಲ್ಲಿ ಮೂರು ವರ್ಷದ ನಿರ್ವಹಣೆಗೆ ಹಣ ಇಟ್ಟಿದ್ದೀಯ. ಅವರು ಕೆರೆ ಇರುವಷ್ಟು ಕಾಲಕ್ಕೆ ಇಟ್ಟಿದ್ದರು. ವಿಭೂತಿಪುರ ಕೆರೆಯ ಕಡೆ ಹೋದರೆ ಹೊಯ್ಸಳ ಮೂರನೆಯ ಬಲ್ಲಾಳನ ಕಾಲದ, 1307ರ ತಮಿಳು ಶಾಸನವಿದೆ. ಕಾಡು ಕಡಿದು, ನೆಲ ಮಟ್ಟ ಮಾಡಿ, ಊರು ಕೆರೆಗಳನ್ನು ಮಾಡಿಕೊಂಡದ್ದನ್ನು ಅದು ಹೇಳುತ್ತದೆ. ಐಟಿ ಊರಿನ ಕೆರೆಯ ಮಗ್ಗುಲಲ್ಲಿ ಇಂಥ ಕಾಗದಪತ್ರಗಳು ಕಲ್ಲಿನ ಮೇಲೆ ನಿಂತಿವೆ.

ನಿಂತಿವೆ ಎಂದೆ, ನಿಂತಿದ್ದವು ಎನ್ನಬೇಕಾದ ಕಡೆಗಳೇ ಜಾಸ್ತಿ. ಶಾಸನ ವಿದ್ವಾಂಸ ಬಿ. ಎಲ್. ರೈಸ್ 1905ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಒಂಬತ್ತನೆಯ ಸಂಪುಟದಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದರು. ಆ ಪಟ್ಟಿ ಹಿಡಿದು ಈಗ ಹುಡುಕಲು ಹೊರಟವರಿಗೆ ಎಷ್ಟೋ ಕಲ್ಲುಗಳು ಸಿಗಲಿಲ್ಲ. ಕೆಲವು ಅಡಿಪಾಯಕ್ಕೆ ಹೋಗಿವೆ, ಕೆಲವು ರಸ್ತೆಯಡಿ ಇವೆ, ಕೆಲವು ಎಲ್ಲಿ ಹೋದವೋ. ಹೆಬ್ಬಾಳದ ಕಿತ್ತಯ್ಯನ ವೀರಗಲ್ಲಿನ ವಿಷಯ ನಿನಗೆ ಗೊತ್ತೇ ಇರಬೇಕು. ಗಂಗ ಶ್ರೀಪುರುಷನ ಕಾಲ, ಸುಮಾರು 750. 2018ರಲ್ಲಿ ಅದು ಮತ್ತೆ ಕಣ್ಣಿಗೆ ಬಿದ್ದದ್ದು ಶಾಸನಗಳ ಹುಚ್ಚು ಹಿಡಿಸಿಕೊಂಡ ಸಾಮಾನ್ಯ ನಾಗರಿಕರಿಂದ. ಈಗ ಅದಕ್ಕೊಂದು ಮಂಟಪವಿದೆ. ಮಿಥಿಕ್ ಸೊಸೈಟಿಯವರು 2021ರಿಂದ ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಕಾಪಿಡುತ್ತಿದ್ದಾರೆ. ಸವೆದು ಕಣ್ಣಿಗೆ ಕಾಣದ ಅಕ್ಷರವೂ ಕಂಪ್ಯೂಟರಿನಲ್ಲಿ ಎದ್ದು ಕಾಣುತ್ತದೆ. ಆದರೆ ಸ್ಕ್ಯಾನ್ ಮಾಡಲು ಕಲ್ಲಾದರೂ ಇರಬೇಕಲ್ಲ.

ಕಲ್ಲಿನ ಮಾತು ಸುಲಭ, ಅಕ್ಷರ ಇರುವುದರಿಂದ ಯಾರಿಗಾದರೂ ಗೌರವ ಬರುತ್ತದೆ. ಕಷ್ಟವಿರುವುದು ಮಣ್ಣಿನ ಮಾತಿನಲ್ಲಿ. ಅದಕ್ಕೆ ಚಿತ್ರದುರ್ಗದ ಚಂದ್ರವಳ್ಳಿಗಿಂತ ಒಳ್ಳೆಯ ಪಾಠ ನಮ್ಮಲ್ಲಿಲ್ಲ. ಬೆಟ್ಟಗಳ ನಡುವಿನ ಕಣಿವೆ, ಪಕ್ಕದಲ್ಲಿ ಕೆರೆ; ಇವತ್ತು ಭಾನುವಾರ ಜನ ಬುತ್ತಿ ಕಟ್ಟಿಕೊಂಡು ಹೋಗುವ ಜಾಗ. ಅಲ್ಲಿಯ ಭೈರವೇಶ್ವರ ಗುಡಿಯ ಹತ್ತಿರದ ಬಂಡೆಯ ಮೇಲೆ ಮಯೂರಶರ್ಮನ ಪ್ರಾಕೃತ ಶಾಸನವಿದೆ. ಅದನ್ನು ಓದಿದ ಪುರಾತತ್ವಜ್ಞ ಎಂ. ಎಚ್. ಕೃಷ್ಣ ಅವರ ಪ್ರಕಾರ ಅದೂ ಕೆರೆ ಕಟ್ಟಿಸಿದ ಶಾಸನವೇ. ಅದರಲ್ಲಿ ಬರುವ ರಾಜ್ಯಗಳ ಹೆಸರುಗಳ ಬಗ್ಗೆ ವಿದ್ವಾಂಸರು ಇನ್ನೂ ಜಗಳವಾಡುತ್ತಾರೆ, ಆಡಲಿ. ಕೃಷ್ಣ ಅವರು 1929ರ ಸುಮಾರಿಗೆ ಆ ಕಣಿವೆಯಲ್ಲಿ ಅಗೆಸಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯ ಜೊತೆಗೆ ಇಲ್ಲಿಯೂ ಅಗೆದರು. ಶಾತವಾಹನರ ಸೀಸದ ನಾಣ್ಯ, ರೋಮಿನ ಅಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿ ನಾಣ್ಯ, ಬಿಳಿ ಗೆರೆ ಬರೆದ ಕೆಂಪು ಮಡಕೆಗಳು ಸಿಕ್ಕವು.

ಇಲ್ಲಿ ಸ್ವಲ್ಪ ನಿಲ್ಲು. ರೋಮಿನ ನಾಣ್ಯ ದಕ್ಷಿಣ ಭಾರತದಲ್ಲಿ ಹೊಸದಲ್ಲ, ನೂರಾರು ಸಿಕ್ಕಿವೆ, ಗಡಿಗೆಗಟ್ಟಲೆ ಸಿಕ್ಕಿವೆ. ಚಂದ್ರವಳ್ಳಿಯ ನಾಣ್ಯಕ್ಕೆ ಬೆಲೆ ಬಂದದ್ದು ಅದು ಬೆಳ್ಳಿಯದೆಂದಲ್ಲ, ಮಣ್ಣಿನ ಯಾವ ಪದರದಲ್ಲಿ, ಯಾವ ಮಡಕೆಗಳ ಜೊತೆ ಇತ್ತು ಎಂದು ಬರೆದಿಟ್ಟದ್ದರಿಂದ. ಟೈಬೀರಿಯಸ್ ಯಾವಾಗ ಆಳಿದನೆಂದು ಗೊತ್ತು. ಹಾಗಾದರೆ ಆ ಪದರದ ಮಡಕೆ ಕ್ರಿಸ್ತಶಕ 1ನೇ ಶತಮಾನಕ್ಕಿಂತ ಹಿಂದಿನದಲ್ಲ. ಅದೇ ಬಗೆಯ ಮಡಕೆ ಬೇರೆ ಊರಿನಲ್ಲಿ ನಾಣ್ಯವಿಲ್ಲದೆ ಸಿಕ್ಕರೂ ಅದರ ಕಾಲ ಅಂದಾಜು ಮಾಡಬಹುದು. ಒಂದು ಕಣಿವೆಯ ಕೆಲವು ಗುಂಡಿಗಳಿಂದ ದಕ್ಷಿಣದ ಬೇರೆ ನೆಲೆಗಳ ಕಾಲ ನಿರ್ಣಯಕ್ಕೂ ನೆರವಾಯಿತು. ಅದೇ ನಾಣ್ಯವನ್ನು ಯಾರೋ ಪಾರ್ಕಿನ ಗಿಡಕ್ಕೆ ಗುಂಡಿ ತೋಡುವಾಗ ಎತ್ತಿ ಜೇಬಿಗೆ ಹಾಕಿಕೊಂಡಿದ್ದರೆ ಅದು ಬರೀ ಬೆಳ್ಳಿ, ತೂಕಕ್ಕೆ ಮಾರುವ ಸಾಮಾನು. ಸ್ಥಾನ ತಪ್ಪಿದ ವಸ್ತು ವಿಳಾಸ ಹರಿದುಹೋದ ಕಾಗದದಂತೆ, ಬರೆದದ್ದು ಇರುತ್ತದೆ, ಯಾರಿಗೆ ಯಾರು ಬರೆದರೋ ತಿಳಿಯುವುದಿಲ್ಲ.

ಬೇರೆ ದೇಶದವರು ಇದನ್ನು ಹೇಗೆ ಮಾಡುತ್ತಾರೆಂದು ಕೇಳಬೇಕಾದರೆ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಸರೋವರದ ಕತೆ ಕೇಳು. 1853-54ರ ಚಳಿಗಾಲದಲ್ಲಿ ಅಲ್ಲಿ ನೀರು ವಿಪರೀತ ಇಳಿಯಿತು. ಓಬರ್‌ಮೈಲೆನ್ ಎಂಬ ಊರಿನವರು ಸಮಯ ನೋಡಿ ದಡದಲ್ಲಿ ತಮ್ಮ ನೆಲ ವಿಸ್ತರಿಸಿಕೊಳ್ಳಲು ಹೊರಟರು. ಒತ್ತುವರಿ ನಮ್ಮೂರಿನ ವಿದ್ಯೆ ಮಾತ್ರವಲ್ಲ, ನೋಡು. ಕೆಸರಿನಲ್ಲಿ ಸಾಲುಸಾಲಾಗಿ ಮರದ ಗೂಟಗಳು, ಕಲ್ಲು ಕೊಡಲಿ, ಮಡಕೆ ಎದ್ದವು. ಊರಿನ ಶಾಲೆಯ ಮೇಷ್ಟ್ರು ಯೋಹಾನೆಸ್ ಏಪ್ಲಿ ಸುಮ್ಮನಿರದೆ ಜ್ಯೂರಿಕ್‌ನ ಪುರಾತತ್ವ ಸಂಘಕ್ಕೆ ತಿಳಿಸಿದರು. ಫರ್ಡಿನಾಂಡ್ ಕೆಲ್ಲರ್ ಎಂಬ ವಿದ್ವಾಂಸರು ಅದನ್ನು ಅಭ್ಯಾಸ ಮಾಡಿ ಜಗತ್ತಿಗೆ ಹೇಳಿದರು. ಸಾವಿರಾರು ವರ್ಷಗಳ ಹಿಂದೆ ಜನ ಸರೋವರದ ಅಂಚಿನಲ್ಲಿ ಗೂಟ ನೆಟ್ಟು ಮನೆ ಕಟ್ಟಿಕೊಂಡಿದ್ದ ಊರುಗಳು ಅವು. 2011ರಲ್ಲಿ ಆಲ್ಪ್ಸ್ ಸುತ್ತಲಿನ ಆರು ದೇಶಗಳ ಇಂಥ 111 ನೆಲೆಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಹೆಚ್ಚು ಉಪಯುಕ್ತವಾದದ್ದು ಅದರ ಇತ್ತೀಚಿನ ಅಧ್ಯಾಯ. ಅದೇ ಸರೋವರದ ದಡದಲ್ಲಿ, ಜ್ಯೂರಿಕ್‌ನ ಆಪೆರಾ ಹೌಸ್ ಪಕ್ಕ, ನೆಲದಡಿ ಕಾರು ನಿಲ್ದಾಣ ಕಟ್ಟಬೇಕಿತ್ತು. ಕಟ್ಟುವುದಕ್ಕೆ ಮುಂಚೆ, 2010 ಮತ್ತು 2011ರಲ್ಲಿ, ಪುರಾತತ್ವದವರು ಬಂದು ಪದರ ಪದರವಾಗಿ ಬಿಡಿಸಿದರು. ಸುಮಾರು ಐದು ಸಾವಿರ ವರ್ಷ ಹಳೆಯ ಮರದ ಬಾಗಿಲು, ಇಡಿಯಾಗಿ, ಸಿಕ್ಕಿತು. ಯುರೋಪಿನ ಅತಿ ಹಳೆಯ ಬಾಗಿಲುಗಳಲ್ಲಿ ಅದೂ ಒಂದು. 2012ರಲ್ಲಿ ಕಾರು ನಿಲ್ದಾಣವೂ ತೆರೆಯಿತು. ಕಾರು ನಿಲ್ಲಿಸಿ ಬರುವವರು ಸಿಕ್ಕ ವಸ್ತುಗಳ ಕತೆಯನ್ನು ಅಲ್ಲೇ ನೋಡಬಹುದು. ಪುರಾತತ್ವದವರು ಬಂದರೆ ಕೆಲಸ ನಿಂತುಹೋಗುತ್ತದೆ ಎಂದು ನಿನ್ನ ಗುತ್ತಿಗೆದಾರ ಹೆದರಿಸುತ್ತಾನಲ್ಲ, ಅವನಿಗೆ ಇದನ್ನು ಹೇಳು.

ನಮ್ಮ ಕೆರೆಗಳಲ್ಲಿ ಮರದ ಬಾಗಿಲು ಸಿಗುತ್ತದೆಂದು ಕಾಯಬೇಡ. ಬೇಸಿಗೆಯಲ್ಲಿ ಬತ್ತಿ ಮಳೆಗಾಲದಲ್ಲಿ ತುಂಬುವ ಅಂಗಳದಲ್ಲಿ ಮರ ಉಳಿಯುವುದು ಅಪರೂಪ. ಕಲ್ಲು, ಸುಟ್ಟ ಮಣ್ಣು, ಕಬ್ಬಿಣದ ಕಿಟ್ಟ, ಎಲುಬು, ಇವು ಉಳಿಯುತ್ತವೆ.

ಕಾನೂನು ಏನು ಹೇಳುತ್ತದೆ ಎಂದು ಕೇಳುತ್ತೀಯ. ಅಮೆರಿಕದಲ್ಲಿ 1966ರ ಒಂದು ಕಾಯ್ದೆಯಿದೆ. ಕೇಂದ್ರ ಸರ್ಕಾರದ ಹಣವೋ ಅನುಮತಿಯೋ ಇರುವ ಯಾವ ಕೆಲಸಕ್ಕಾದರೂ, ಜಲಾಶಯದ ದಡದಲ್ಲಿ ಡೇರೆ ಹಾಕುವ ಮೈದಾನ ಮಾಡುವುದಕ್ಕೂ, ಅಲ್ಲಿಯ ಹಳೆಯ ಕುರುಹುಗಳಿಗೆ ಏನಾಗುತ್ತದೆಂದು ಮೊದಲು ಪರಿಶೀಲಿಸಬೇಕು. ಇಂಗ್ಲೆಂಡಿನಲ್ಲಿ 1990ರಿಂದ ಕಟ್ಟಡಕ್ಕೆ ಅನುಮತಿ ಕೊಡುವ ಹಂತದಲ್ಲೇ ಈ ಪ್ರಶ್ನೆ ಬರುತ್ತದೆ, ಖರ್ಚೂ ಕಟ್ಟುವವನದೇ. ನಮ್ಮ ದೇಶದಲ್ಲಿ 1958ರ ಕಾಯ್ದೆ, ಅದಕ್ಕೆ 2010ರ ತಿದ್ದುಪಡಿ: ಕೇಂದ್ರದ ರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಕಟ್ಟುವಂತಿಲ್ಲ, ಅದರಾಚೆಗಿನ 200 ಮೀಟರಿನಲ್ಲಿ ಅನುಮತಿ ಬೇಕು. ರಾಜ್ಯಕ್ಕೆ 1961ರ ತನ್ನದೇ ಕಾಯ್ದೆಯಿದೆ. ಒಳ್ಳೆಯದೇ. ಆದರೆ ಇವೆಲ್ಲ ಈಗಾಗಲೇ ಪಟ್ಟಿಗೆ ಸೇರಿದ ಸ್ಮಾರಕಗಳ ಕಾವಲು. ನಿನ್ನ ಕೆರೆಯ ಏರಿಯ ಮೇಲಿನ ವೀರಗಲ್ಲು ಯಾವ ಪಟ್ಟಿಯಲ್ಲೂ ಇಲ್ಲದಿದ್ದರೆ ಅದನ್ನು ಕಾಯುವವರು ಯಾರು? ನಿನ್ನ ಸಹಿ ಬೀಳುವ ನಕ್ಷೆ, ಅಷ್ಟೆ.

ಆದ್ದರಿಂದ ಕೆಲಸದ ಮಾತಿಗೆ ಬರುತ್ತೇನೆ. ಮೊದಲು ಕಚೇರಿಯಲ್ಲಿ ಕೂತು ಓದು. ನಿನ್ನ ತಾಲ್ಲೂಕಿನ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟ ತೆಗೆದು ಊರಿನ ಹೆಸರು ಹುಡುಕು. ಶಾಸನ ಎಲ್ಲಿದೆ ಎಂಬುದನ್ನು ಅವರು ಬರೆದಿರುತ್ತಾರೆ: ಕೆರೆಯ ತೂಬಿನ ಬಳಿ, ಕೋಡಿಯ ಹತ್ತಿರ, ಇಂಥ ಹೊಲದಲ್ಲಿ ಎಂದು. ಹಳೆಯ ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳನ್ನೂ ಬಿಡಬೇಡ. ಆಮೇಲೆ ಗ್ರಾಮ ನಕಾಶೆ ಹರಡಿಕೊಂಡು ಬೇಚಿರಾಕ್ (ಜನ ಬಿಟ್ಟುಹೋದ) ಊರುಗಳನ್ನು, ಹಾಳೂರು, ಹಳೇಕೋಟೆ, ಬೂದಿದಿಬ್ಬ ಎಂಬಂಥ ಹೊಲದ ಹೆಸರುಗಳನ್ನು ಗುರುತು ಮಾಡು. ಇವು ನಿನ್ನ ಡ್ರೋನಿಗೆ ಕಾಣುವುದಿಲ್ಲ.

ಎರಡನೆಯದು, ಕೇಳು. ನೀರುಗಂಟಿಯ ಮನೆತನದವರು ಇನ್ನೂ ಇದ್ದರೆ ಮೊದಲು ಅವರನ್ನು, ಆಮೇಲೆ ಕುರಿ ಕಾಯುವವರನ್ನು. ಕುರಿಗಾಹಿಗೆ ಗೊತ್ತಿಲ್ಲದ ಕಲ್ಲು ಆ ಸೀಮೆಯಲ್ಲಿ ಇರುವುದಿಲ್ಲ. ಬಟ್ಟೆ ಒಗೆಯುವ ಹೆಂಗಸರನ್ನು ಮರೆಯಬೇಡ. ಎಷ್ಟೋ ಶಾಸನಗಳು ಒಗೆಯುವ ಕಲ್ಲಾಗಿ ಮಗುಚಿ ಬಿದ್ದಿವೆ. ಕಲ್ಲಿಗೆ ಎಣ್ಣೆ, ಕುಂಕುಮ, ಸುಣ್ಣ ಬಳಿದು ಪೂಜೆ ಮಾಡುತ್ತಿದ್ದರೆ ಬುದ್ಧಿ ಹೇಳಲು ಹೋಗಬೇಡ. ಪೂಜೆಯೇ ಅದನ್ನು ಇಷ್ಟು ದಿನ ಉಳಿಸಿದೆ.

ಮೂರನೆಯದು ನಡಿಗೆ, ಇದೇ ಮುಖ್ಯ. ಬೇಸಿಗೆಯಲ್ಲಿ ನೀರು ತೀರ ಕೆಳಗಿರುವಾಗ ಹೋಗು. ನಾಲ್ಕೈದು ಜನ ಸಾಲಾಗಿ, ಒಬ್ಬರಿಂದೊಬ್ಬರಿಗೆ ಐದೋ ಹತ್ತೋ ಮೀಟರ್ ಬಿಟ್ಟು, ನೆಲ ನೋಡುತ್ತ ನಿಧಾನವಾಗಿ ನಡೆಯಿರಿ. ಅಲೆ ಬಡಿದು ಮಣ್ಣು ತೊಳೆದುಹೋದ ಅಂಚಿನಲ್ಲಿ, ಉತ್ತ ಹೊಲದಲ್ಲಿ, ಜಾಲಿ ಕಿತ್ತ ಗುಂಡಿಗಳಲ್ಲಿ ಮಡಕೆ ಚೂರುಗಳು ಮೇಲೆ ಬಿದ್ದಿರುತ್ತವೆ. ಒಳಗೆ ಕಪ್ಪು, ಹೊರಗೆ ಕಪ್ಪು ಕೆಂಪು ಎರಡೂ ಇರುವ ನುಣುಪಾದ ಚೂರು ಸಿಕ್ಕರೆ ಹತ್ತಿರದಲ್ಲೆಲ್ಲೋ ಕಬ್ಬಿಣ ಯುಗದ ಊರೋ ಸಮಾಧಿಯೋ ಇರಬಹುದು. ದುಂಡಗೆ ಜೋಡಿಸಿದ ಗುಂಡುಕಲ್ಲುಗಳನ್ನು ಹುಡುಕು. ಉಜ್ಜಿ ನಯ ಮಾಡಿದ ಕಲ್ಲು ಕೊಡಲಿ ಕಂಡರೆ ಇನ್ನೂ ಹಿಂದಿನದು. ಯಾವುದನ್ನೂ ಎತ್ತಬೇಡ. ಜಿಪಿಎಸ್ ಗುರುತು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ, ಎರಡು ಸಾಲು ಬರಹ, ಸಾಕು. ಶಾಸನದ ಅಕ್ಷರ ಎದ್ದು ಕಾಣಲೆಂದು ಸೀಮೆಸುಣ್ಣ ಉಜ್ಜುವವರು, ಆ್ಯಸಿಡ್ ಹಾಕಿ ತೊಳೆಯುವವರು ಇದ್ದಾರೆ. ಅವರನ್ನು ದೂರ ಇಡು. ಸಂಜೆಯ ಓರೆ ಬಿಸಿಲಿನಲ್ಲಿ ನಿಂತರೆ ಅಕ್ಷರ ತಾನಾಗಿ ಕಾಣುತ್ತದೆ.

ಏರಿಯ ಮೇಲೆ ಪ್ರತ್ಯೇಕವಾಗಿ ನಡೆ. ತೂಬಿನ ಕಂಬಗಳಲ್ಲಿ ಕೆತ್ತನೆಯಿದೆಯೇ, ಒಳಮೈಯ ಕಲ್ಲುಕಟ್ಟಣೆಯಲ್ಲಿ ಹಳೆಯ ಗುಡಿಯ ಕಲ್ಲು ಸೇರಿದೆಯೇ, ಏರಿ ಎಲ್ಲಿಯಾದರೂ ಒಡೆದು ಅದರ ಒಳಪದರ ಕಾಣುತ್ತದೆಯೇ ನೋಡು. ಒಮ್ಮೆ ಕಟ್ಟಿ, ಒಡೆದು, ಎತ್ತರಿಸಿ, ಮತ್ತೆ ಎತ್ತರಿಸಿದ ಏರಿಯ ಒಂದು ಅಡ್ಡಕೊಯ್ತದಲ್ಲಿ ಆ ಕೆರೆಯ ಜೀವನಚರಿತ್ರೆ ಇರುತ್ತದೆ. ನಿಮ್ಮ ಟ್ರ್ಯಾಕಿಗೆ ಏರಿಯ ತಲೆ ಸಪಾಟು ಮಾಡುವ ದಿನ ಅದನ್ನು ನೋಡಲು ಯಾರಾದರೂ ತಿಳಿದವರು ಅಲ್ಲಿರಲೇಬೇಕು.

ನೀನಾಗಿಯೇ ಗುಂಡಿ ತೋಡಿ ಪರೀಕ್ಷಿಸಲು ಹೋಗಬೇಡ. ಪುರಾತತ್ವದ ಉತ್ಖನನಕ್ಕೆ ಪರವಾನಗಿ ಬೇಕು, ಅದು ತರಬೇತಾದ ಕೈಯ ಕೆಲಸ. ನಡೆದು ಕಂಡದ್ದನ್ನು ಬರೆದು ರಾಜ್ಯದ ಪುರಾತತ್ವ, ಸಂಗ್ರಹಾಲಯ ಮತ್ತು ಪರಂಪರೆ ಇಲಾಖೆಗೆ ಕಳಿಸು. ಹತ್ತಿರದ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೊಂದು ಪ್ರತಿ ಹಾಕು. ಅಲ್ಲಿ ಇಂಥ ಕೆಲಸಕ್ಕೆ ಕಾದಿರುವ ಸಂಶೋಧನಾ ವಿದ್ಯಾರ್ಥಿಗಳು ಇರುತ್ತಾರೆ.

ಒಂದು ಎಚ್ಚರಿಕೆ. 'ಇಲ್ಲಿ ಹಳೆಯದು ಸಿಕ್ಕಿತು' ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ರಾತ್ರಿಯಾಗುವುದರೊಳಗೆ 'ನಿಧಿ ಇದೆ' ಎಂದಾಗುತ್ತದೆ. ಮುಂದಿನ ಅಮಾವಾಸ್ಯೆಗೆ ನಿಂಬೆಹಣ್ಣು, ಹಾರೆ, ಪಿಕಾಸಿ ಬರುತ್ತವೆ. ನಿಧಿಗಳ್ಳರು ಒಡೆದ ವೀರಗಲ್ಲು, ಕಿತ್ತ ಲಿಂಗ, ಬುಡ ತೋಡಿದ ನಂದಿ ನಾಡಿನ ತುಂಬ ಇವೆ. ಹಾಗಾಗಿ ಸ್ಥಳದ ಫೋಟೋವನ್ನು ವಾಟ್ಸ್ಯಾಪ್ ಗುಂಪಿಗೆ ಹಾಕುವ ಆಸೆ ತಡೆದುಕೋ. ಊರ ಹಿರಿಯರಿಗೆ ಹೇಳು, ಇಲಾಖೆಗೆ ಹೇಳು, ಸಾಕು. ಹಳೆಯ ದಾನಶಾಸನಗಳ ಕೊನೆಯಲ್ಲಿ ಶಾಪಾಶಯ ಇರುತ್ತದಲ್ಲ, ಈ ಧರ್ಮವನ್ನು ಕೆಡಿಸಿದವನಿಗೆ ಕಾಶಿಯಲ್ಲಿ ಕಪಿಲೆ ಹಸು ಕೊಂದ ಪಾಪವೆಂದು, ನಿಧಿಗಳ್ಳರು ಅದನ್ನು ಓದಲಾರರು. ಓದಬಲ್ಲ ನಾವೇ ಎಷ್ಟು ಹೆದರಿದ್ದೇವೆ, ಅದು ಬೇರೆ ಮಾತು.

ಏನಾದರೂ ಕಂಡರೆ ಯೋಜನೆ ಕೈಬಿಡಬೇಕೆಂದಿಲ್ಲ, ನಕ್ಷೆ ತಿದ್ದಿದರೆ ಆಯಿತು. ಟ್ರ್ಯಾಕ್ ಇಪ್ಪತ್ತು ಮೀಟರ್ ಸರಿಯಲಿ. ಸರಿಯಲು ಜಾಗವಿಲ್ಲದಿದ್ದರೆ ಅಗೆಯದೆ, ನೆಲದ ಮೇಲೆ ಜವಳಿಹಾಸು (ಜಿಯೋಟೆಕ್ಸ್‌ಟೈಲ್) ಹಾಸಿ ಅದರ ಮೇಲೆ ಮಣ್ಣು ತುಂಬಿ ದಾರಿ ಮಾಡು, ಕೆಳಗಿನದು ಕೆಳಗೇ ಭದ್ರವಾಗಿರುತ್ತದೆ. ಆಳವಾಗಿ ಅಗೆಯುವ ಕೆಲಸಗಳಾದ ಶೌಚಗುಂಡಿ, ದೀಪದ ಕಂಬದ ಪಾಯ, ದೋಣಿಕಟ್ಟೆ ಇವನ್ನು ಏನೂ ಸಿಗದ ಮಗ್ಗುಲಿಗೆ ಹಾಕು. ಬೇರು ಆಳಕ್ಕಿಳಿಯುವ ಗಿಡಗಳನ್ನೂ ಅಷ್ಟೆ. ವೀರಗಲ್ಲನ್ನು ಕಿತ್ತು ಪ್ರವೇಶದ್ವಾರದಲ್ಲಿ ಶೋಭೆಗೆ ನಿಲ್ಲಿಸುವ ಸಲಹೆ ಖಂಡಿತ ಬರುತ್ತದೆ, ಒಪ್ಪಬೇಡ. ಅದು ಇದ್ದಲ್ಲೇ ಇರಲಿ. ಅಲ್ಲಿಗೇ ದಾರಿ ಹೋಗಲಿ, ಪಕ್ಕದಲ್ಲಿ ಕನ್ನಡದಲ್ಲಿ ನಾಲ್ಕು ಸಾಲಿನ ಫಲಕ ಇರಲಿ. ಜನ ನಡೆಯಲು ಬರುವುದು ಹೇಗೂ ನೋಡುವುದಕ್ಕೇ ತಾನೆ. ಪಾರ್ಕಿನ ಸಿಮೆಂಟಿನ ಜಿರಾಫೆಗಿಂತ ಸಿರಿಮಯ್ಯನಂಥವರ ಕತೆ ಮಕ್ಕಳಿಗೆ ಹೆಚ್ಚು ಬೇಸರವೇನೂ ತರುವುದಿಲ್ಲ. ಸಿಮೆಂಟ್ ಜಿರಾಫೆಗಳ ಮೇಲೆ ನನಗೆ ಹಳೆಯ ಸಿಟ್ಟಿದೆ, ಬಿಡು.

ಇದೆಲ್ಲವನ್ನೂ ಟೆಂಡರಿಗೆ ಮುಂಚೆ ಮಾಡು. ಟೆಂಡರ್ ಆದ ಮೇಲೆ ಒಂದು ದಿನದ ವಿಳಂಬಕ್ಕೂ ಗುತ್ತಿಗೆದಾರ ಬಿಲ್ ಕೊಡುತ್ತಾನೆ, ಮೇಲಿನವರು ಉದ್ಘಾಟನೆಯ ತಾರೀಖು ಕೇಳುತ್ತಾರೆ, ಆಗ ನಿನ್ನ ಮಾತು ಯಾರೂ ಕೇಳುವುದಿಲ್ಲ. ಕರಾರುಪತ್ರದಲ್ಲಿ ಒಂದು ಷರತ್ತು ಸೇರಿಸು: ಕೆಲಸದ ನಡುವೆ ಶಾಸನ, ವಿಗ್ರಹ, ನಾಣ್ಯ, ಸಮಾಧಿ, ಹಳೆಯ ಕಟ್ಟಣೆ ಕಂಡರೆ ಆ ಜಾಗದಲ್ಲಿ ಯಂತ್ರ ನಿಲ್ಲಬೇಕು, ತಹಶೀಲ್ದಾರರಿಗೂ ಪುರಾತತ್ವ ಇಲಾಖೆಗೂ ಅದೇ ದಿನ ತಿಳಿಸಬೇಕು, ಉಳಿದ ಕಡೆ ಕೆಲಸ ನಡೆಯಬಹುದು. ಜೆಸಿಬಿ ಓಡಿಸುವ ಹುಡುಗನಿಗೆ ಆ ಷರತ್ತನ್ನು ನೀನೇ ಬಾಯಲ್ಲಿ ಹೇಳು, ಚಿತ್ರ ತೋರಿಸಿ ಹೇಳು. ಮೊದಲು ಕಾಣುವುದು ಅವನಿಗೆ, ಕಾಗದ ಓದುವವರಿಗಲ್ಲ.

ನಿನ್ನ ಕೆರೆಯಲ್ಲಿ ಏನೂ ಸಿಗದೆಯೂ ಇರಬಹುದು. ಹಾಗಾದರೆ ಏನೂ ಇಲ್ಲವೆಂದು ಸಹಿ ಹಾಕಿ ಬರೆ. ಮುಂದೆ ಬರುವವನಿಗೆ ಅದೂ ಮಾಹಿತಿಯೇ.

ಏಪ್ರಿಲ್ ಮುಗಿಯುವುದರೊಳಗೆ ಹೋಗು. ಮುಂಗಾರು ಹಿಡಿದರೆ ಕೆರೆಯಂಗಳ ಮುಂದಿನ ಬೇಸಿಗೆಯವರೆಗೆ ನಿನಗೆ ಸಿಗುವುದಿಲ್ಲ, ನಿನ್ನ ಟೆಂಡರ್ ಅಷ್ಟು ದಿನ ಕಾಯುವುದೂ ಇಲ್ಲ.